ಟಿಕೆಟ್ಟಿನಾಚೆಯ ವಿಜಯನಗರ

ಹೊಸಪೇಟೆಯಲ್ಲಿ ಬೆಳಿಗ್ಗೆ ರೈಲು ಇಳಿದವರಿಗೆ ಹಂಪಿ ಒಂದು ದಿನದ ಊರು. ಆಟೊದವರ ಲೆಕ್ಕದಲ್ಲಿ ಅದು ಇಷ್ಟು ‘ಪಾಯಿಂಟು’: ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ, ವಿರೂಪಾಕ್ಷನ ಗುಡಿ, ಉಗ್ರನರಸಿಂಹ, ಬಡವಿಲಿಂಗ, ಕಮಲ ಮಹಲ್, ಗಜಶಾಲೆ, ಮಹಾನವಮಿ ದಿಬ್ಬ, ರಾಣಿಯರ ಸ್ನಾನಗೃಹ, ಕೊನೆಗೆ ಬ್ಯಾಟರಿ ಗಾಡಿ ಹತ್ತಿ ವಿಜಯವಿಠ್ಠಲ. ಐವತ್ತು ರೂಪಾಯಿ ನೋಟು ಹಿಡಿದು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡರೆ ನೋಡುವುದು ಮುಗಿಯಿತು. ಸಂಜೆ ತುಂಗಭದ್ರಾ ಡ್ಯಾಮಿನ ತೋಟ, ಕಾರಂಜಿ. ರಾತ್ರಿ ಮತ್ತೆ ರೈಲು. ಹೀಗೆ ನೋಡಿ ಹೋಗುವವರನ್ನು ದೂರಿ ಫಲವಿಲ್ಲ. ರಜೆ ಸಿಗುವುದೇ ಎರಡು ದಿನ, ಬಂಡೆಗಳ ನಡುವಿನ ಬಿಸಿಲು ಸಾಮಾನ್ಯದ್ದಲ್ಲ, ಜೊತೆಗೆ ಮಕ್ಕಳು, ವಯಸ್ಸಾದವರು. ಪ್ರಶ್ನಿಸಬೇಕಾದದ್ದು ಹೀಗೆ ತೋರಿಸುವ ಏರ್ಪಾಡನ್ನು.

ಈ ಏರ್ಪಾಡು ಒಂದು ಮಹಾನಗರವನ್ನು ಬಿಡಿಬಿಡಿ ಕಟ್ಟಡಗಳಾಗಿ ಒಡೆದು ತೋರಿಸುತ್ತದೆ. ಟಿಕೆಟ್ಟು ಕೇಳುವ ಕಡೆ ಬೇಲಿ, ಹುಲ್ಲುಹಾಸು, ಕಾವಲುಗಾರ. ಟಿಕೆಟ್ಟಿಲ್ಲದ ಎಷ್ಟೋ ಕಡೆ ಮುಳ್ಳುಕಂಟಿ. ನೋಡುವವರ ಮನಸ್ಸಿನಲ್ಲಿ ವಿಜಯನಗರ ಎಷ್ಟು ಸಣ್ಣದಾಗುತ್ತದೋ ಅದನ್ನು ಉಳಿಸಿಕೊಳ್ಳಬೇಕೆಂಬ ಕಾಳಜಿಯೂ ಅಷ್ಟೇ ಸಣ್ಣದಾಗುತ್ತದೆ. ಹಂಪಿಯನ್ನು ಊರಾಗಿ ನೋಡಬೇಕಾದರೆ ಅದರ ನೀರು, ದಾರಿ, ಹೊಲಗದ್ದೆಗಳ ಹಿಂದೆ ಹೋಗಬೇಕು. ಹಾಗೆ ಹೋದವರು ಹೊಸಪೇಟೆ, ಕಂಪ್ಲಿ, ಸಂಡೂರುಗಳನ್ನು ದಾಟದೆ ಹಿಂತಿರುಗಲಾರರು.

ಈ ನಗರದ ಗಾತ್ರ ಎಂಥದ್ದೆಂಬುದನ್ನು ಅದು ಜೀವಂತವಾಗಿದ್ದಾಗ ಬಂದವರೇ ಬರೆದಿಟ್ಟಿದ್ದಾರೆ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಒಂದರೊಳಗೊಂದು ಏಳು ಸುತ್ತಿನ ಕೋಟೆ ಕಂಡ. ಹೊರಗಿನ ಮೂರು ಸುತ್ತುಗಳ ನಡುವೆ ಅವನಿಗೆ ಕಂಡದ್ದು ಅರಮನೆಗಳಲ್ಲ. ಹೊಲ, ತೋಟ, ಮನೆಗಳು. 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಗುಡ್ಡ ಹತ್ತಿ ನಿಂತರೂ ನಡುನಡುವೆ ಬೆಟ್ಟಸಾಲುಗಳಿದ್ದುದರಿಂದ ಊರು ಪೂರ್ತಿ ಕಾಣಲಿಲ್ಲ. ಕಂಡಷ್ಟೇ ಅವನಿಗೆ ರೋಮ್‌ನಷ್ಟು ದೊಡ್ಡದೆನಿಸಿತು. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹಂಪಿಯ ವಿಸ್ತಾರ 4,187 ಹೆಕ್ಟೇರು. ಉಳಿದಿರುವ ಅವಶೇಷಗಳು 1,600ಕ್ಕೂ ಹೆಚ್ಚು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ ಇನ್ನೂ ದೊಡ್ಡದು: ನದಿಯ ಎರಡೂ ದಡದ 29 ಹಳ್ಳಿಗಳು, ಸುಮಾರು 236 ಚದರ ಕಿಲೋಮೀಟರು. ಪ್ರವಾಸಿಗರ ಪಟ್ಟಿ ಹತ್ತು ಹದಿನೈದಕ್ಕೇ ಮುಗಿಯುತ್ತದೆ.

ಮೊದಲಿಗೆ ನೀರಿನ ಮಾತು. ಅರಮನೆ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಿದ್ದ ಮೆಟ್ಟಿಲು ಪುಷ್ಕರಣಿಯನ್ನು ಎಲ್ಲರೂ ನೋಡುತ್ತಾರೆ. ಅದರ ಕರಿಕಲ್ಲಿನ ಅಚ್ಚುಕಟ್ಟಿಗೆ ಮಾರುಹೋಗದವರಿಲ್ಲ. ಪಕ್ಕದಲ್ಲೇ ಕಲ್ಲುಕಂಬಗಳ ಮೇಲೆ ಹಾದುಬರುವ ಕಲ್ಲಿನ ದೋಣಿಗಾಲುವೆಯನ್ನೂ ನೋಡುತ್ತಾರೆ. ಆ ನೀರು ಬರುತ್ತಿದ್ದುದು ಎಲ್ಲಿಂದ ಎಂದು ಕೇಳುವವರು ಕಡಿಮೆ. ಕೇಳಿದರೆ ದಾರಿ ಕಮಲಾಪುರದ ಕೆರೆಗೆ ಹೋಗುತ್ತದೆ, ಅಲ್ಲಿಂದ ಅದಕ್ಕೆ ನೀರು ತರುವ ರಾಯ ಕಾಲುವೆಗೆ, ಅಲ್ಲಿಂದ ಹೊಸಪೇಟೆಗೆ, ತುಂಗಭದ್ರೆಗೆ. ರಾಯ, ಬಸವಣ್ಣ, ಬೆಲ್ಲ, ತುರುತ್ತು, ರಾಮಸಾಗರ, ಕಂಪ್ಲಿ: ಇವೆಲ್ಲ ವಿಜಯನಗರ ಕಾಲದ ಕಾಲುವೆಗಳು, ಇವತ್ತಿಗೂ ಹರಿಯುತ್ತಿವೆ. 1953ರಲ್ಲಿ ಡ್ಯಾಮಿನಲ್ಲಿ ನೀರು ನಿಂತ ಮೇಲೆ ಕೆಲವು ಹಳೆಯ ಕಟ್ಟೆಗಳು ಮುಳುಗಿದವು, ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಬಿಡುವಂತಾಯಿತು. ಆದರೂ ಹಂಪಿಯ ಗುಡಿಗಳ ಸಾಲಿಗೂ ಅರಮನೆ ಆವರಣಕ್ಕೂ ನಡುವಿನ ಕಣಿವೆಯಲ್ಲಿ ಬಾಳೆ ಬೆಳೆಯುವುದು ತುರುತ್ತು ಕಾಲುವೆಯ ನೀರಿನಿಂದಲೇ. ಕಮಲ ಮಹಲ್ ಖಾಲಿಯಾಗಿ ನಾನೂರೈವತ್ತು ವರ್ಷ ದಾಟಿದೆ. ಕಾಲುವೆ ಮಾತ್ರ ತನ್ನ ಕೆಲಸ ಬಿಟ್ಟಿಲ್ಲ.

ರೋಮ್‌ನಲ್ಲಿ ಇಂಥದ್ದನ್ನು ಜನ ಹೆಮ್ಮೆಯಿಂದ ತೋರಿಸುತ್ತಾರೆ. ಪ್ರವಾಸಿಗರು ನಾಣ್ಯ ಎಸೆಯುವ ಟ್ರೆವಿ ಕಾರಂಜಿಗೆ ನೀರು ಬರುವುದು ಕ್ರಿಸ್ತಪೂರ್ವ 19ರಲ್ಲಿ ಕಟ್ಟಿದ ಕಾಲುವೆಯ ದಾರಿಯಲ್ಲಿ. ಅದನ್ನು ಹಲವು ಸಲ ದುರಸ್ತಿ ಮಾಡಿ ಉಳಿಸಿಕೊಂಡಿದ್ದಾರೆ. ಹಂಪಿಯಲ್ಲಿ ತೂಬು, ಕಾಲುವೆ, ಗದ್ದೆಗಳು ಸ್ಮಾರಕಗಳ ಪಟ್ಟಿಯ ಹೊರಗೆ ಉಳಿದಿವೆ. ಗದ್ದೆಯ ರೈತ ಸ್ಮಾರಕದ ಪಕ್ಕದಲ್ಲಿ ಅಕಸ್ಮಾತ್ ಇರುವವನಂತೆ ಕಾಣುತ್ತಾನೆ. ಅಬ್ದುರ್ ರಜಾಕನ ಬರಹ ಓದಿದವರಿಗೆ ಗೊತ್ತು, ಕೋಟೆಗಳ ನಡುವೆ ಗದ್ದೆ ಇರುವುದೇ ಆ ನಗರದ ಮೂಲ ನಕ್ಷೆ.

ಹೊಸಪೇಟೆಯನ್ನು ಎಲ್ಲರೂ ಲಾಡ್ಜಿನ ಊರೆಂದುಕೊಂಡಿದ್ದಾರೆ. ಅದು ಕೃಷ್ಣದೇವರಾಯ ಕಟ್ಟಿಸಿದ ಹೊಸ ಪೇಟೆ, ನಾಗಲಾಪುರ. ಊರಿನ ದಕ್ಷಿಣಕ್ಕೆ, ಸಂಡೂರಿನ ಬೆಟ್ಟಗಳು ಶುರುವಾಗುವ ಕಡೆ, ಎರಡು ಗುಡ್ಡಗಳ ನಡುವೆ ಅವನು ಭಾರಿ ಏರಿಯೊಂದನ್ನು ಕಟ್ಟಿಸುತ್ತಿದ್ದಾಗ ಪಾಯಸ್ ಅಲ್ಲಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದರೆಂದು ಬರೆದ. ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುವಂತೆ ಆ ಕೆಲಸಕ್ಕೆ ಗೋವೆಯಿಂದ ಕಲ್ಲುಕೆಲಸದ ಪರಿಣತನೊಬ್ಬ ಬಂದಿದ್ದ. ಅದೇ ರಾಯರ ಕೆರೆ. ಇಂದು ಅಲ್ಲಿ ನೀರಿಲ್ಲ. ಒಂದು ಸಾಮ್ರಾಜ್ಯ ನೀರಿಗಾಗಿ ಎಷ್ಟು ಬೆವರು ಸುರಿಸಿತೆಂದು ತಿಳಿಯಲು ಇದಕ್ಕಿಂತ ದೊಡ್ಡ ಸಾಕ್ಷಿ ಆ ಸೀಮೆಯಲ್ಲಿಲ್ಲ, ಆದರೂ ಅದು ಯಾವ ಆಟೊದ ಪಾಯಿಂಟೂ ಅಲ್ಲ.

ಹೊಸಪೇಟೆಯಿಂದ ಹಂಪಿಗೆ ಹೋಗುವಾಗ ದಾರಿಯಲ್ಲೇ ಸಿಗುವ ಅನಂತಶಯನಗುಡಿಯದೂ ಇದೇ ಕತೆ. 1524ರಲ್ಲಿ ಕೃಷ್ಣದೇವರಾಯ ತನ್ನ ಮಗ ತಿರುಮಲರಾಯನ ಹೆಸರಿನಲ್ಲಿ ಇಲ್ಲೊಂದು ಪಟ್ಟಣ ಕಟ್ಟಿಸಿ, ಮಲಗಿದ ವಿಷ್ಣುವಿಗಾಗಿ ಈ ಗುಡಿ ಎತ್ತಿಸಿದ. ಆ ಹುಡುಗ ಬಾಲ್ಯದಲ್ಲೇ ತೀರಿಕೊಂಡ. ಗರ್ಭಗುಡಿಯ ಮೇಲಿನ ಉದ್ದನೆಯ ಕಮಾನು ಶಿಖರದಂಥದ್ದು ಹಂಪಿಯಲ್ಲೆಲ್ಲೂ ಕಾಣಸಿಗದು. ಒಳಗೆ ಮೂರ್ತಿಯಿಲ್ಲ, ಉದ್ದದ ಪೀಠ ಮಾತ್ರ ಇದೆ. ಹೂವಿನಹಡಗಲಿಯ ಹೊಳಲಿನಲ್ಲಿರುವ ಅನಂತಶಯನನೇ ಇಲ್ಲಿಗೆ ಬರಬೇಕಿದ್ದ ದೇವರು ಎಂದು ಜನ ಹೇಳುತ್ತಾರೆ. ಬಸ್ಸಿನ ಕಿಟಕಿಯಿಂದಲೇ ಕಾಣುವ ಇಂಥ ಕಟ್ಟಡದ ಮುಂದೆ ಅರ್ಧ ಗಂಟೆ ನಿಲ್ಲದೆ ಓಡುವ ಪ್ರವಾಸವನ್ನು ಪ್ರವಾಸವೆಂದು ಒಪ್ಪುವುದು ಕಷ್ಟ.

ಸೂರ್ಯ ಮುಳುಗುವ ಹೊತ್ತಿಗೆ ಎಲ್ಲರೂ ಹತ್ತುವ ಹೇಮಕೂಟದ ವಿಷಯ ಇನ್ನೂ ಕುತೂಹಲದ್ದು. ಅಲ್ಲಿನ ಮೆಟ್ಟಿಲು ಶಿಖರದ ಗುಡಿಗಳ ಮುಂದೆ ಜನ ಸಾಲಾಗಿ ಕೂರುತ್ತಾರೆ. ಅವುಗಳಲ್ಲಿ ವಿಜಯನಗರಕ್ಕಿಂತ ಹಿಂದಿನವೂ ಇವೆ. ಕಂಪಿಲರಾಯ ಎಂದು ಜಾನಪದದಲ್ಲಿ ಪ್ರಸಿದ್ಧನಾದ ವೀರಕಂಪಿಲದೇವ, ತನ್ನ ತಂದೆ ಮುಮ್ಮಡಿ ಸಿಂಗೆಯನಾಯಕನೂ ಸೇರಿದಂತೆ ತನ್ನವರ ನೆನಪಿಗಾಗಿ ಶಿವಾಲಯ ಕಟ್ಟಿಸಿ ಮೂರು ಲಿಂಗ ಪ್ರತಿಷ್ಠಾಪಿಸಿದನೆಂದು ಅಲ್ಲಿನ ಶಾಸನವೇ ಹೇಳುತ್ತದೆ. ಎಂದರೆ 1336ರಲ್ಲಿ ವಿಜಯನಗರ ಹುಟ್ಟಿತೆಂದು ಪಾಠ ಓದಿ ಬಂದವರು ಕೂತಿರುವುದು ಅದಕ್ಕೂ ಹಿರಿಯದಾದ, ಮಗನೊಬ್ಬ ಹೆತ್ತವರಿಗೆ ಕಟ್ಟಿಸಿದ ಸ್ಮಾರಕದ ಅಂಗಳದಲ್ಲಿ.

ಆ ಕಂಪಿಲನ ಊರು ಕಂಪ್ಲಿ. ಹೊಸಪೇಟೆಯಿಂದ ಮೂವತ್ತು ಕಿಲೋಮೀಟರಿನಷ್ಟು ದೂರ, ತುಂಗಭದ್ರೆಯ ದಡ. ಅದರ ಹಳಮೆ ಕಂಪಿಲನಿಗಿಂತಲೂ ಹಿಂದಕ್ಕೆ ಹೋಗುತ್ತದೆ; ಹನ್ನೊಂದನೆಯ ಶತಮಾನದಲ್ಲಿ ಕಂಪಿಲಿಯಲ್ಲಿದ್ದ ಚಾಲುಕ್ಯರ ಅರಮನೆಯನ್ನು ಕೆಡವಿದೆವೆಂದು ಚೋಳರ ಶಾಸನಗಳು ಕೊಚ್ಚಿಕೊಳ್ಳುತ್ತವೆ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲ ಆಶ್ರಯ ಕೊಟ್ಟ. ಮರೆಹೊಕ್ಕವನನ್ನು ಒಪ್ಪಿಸಲಿಲ್ಲ, ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಇದನ್ನು ಬರೆದಿಟ್ಟವನು ಮೊರಾಕ್ಕೊದ ಇಬ್ನ್ ಬತೂತ. ದೆಹಲಿಯ ದರ್ಬಾರಿನಲ್ಲಿ ಸೆರೆಯಾಳುಗಳಾಗಿ ಬಂದು ಮತಾಂತರಗೊಂಡಿದ್ದ ಕಂಪಿಲನ ಮಕ್ಕಳಲ್ಲಿ ಮೂವರನ್ನು ತಾನು ಬಲ್ಲೆನೆಂದೂ ಹೇಳಿದ. ಕಂಪಿಲನ ಮಗ ಕುಮಾರರಾಮನ ಕತೆಯನ್ನು ಕನ್ನಡದ ಕವಿಗಳು ಹಾಡಿದರು, ಬೇಡರು, ಕುರುಬರು ಹಾಡಿದರು, ದೂರದ ಮಲೆನಾಡಿನಲ್ಲಿ ಜನ ಅವನ ಮರದ ತಲೆಯಿಟ್ಟು ಪೂಜಿಸಿದರು. ವಿಜಯನಗರ ಹುಟ್ಟಿದ್ದು ಈ ಸೋಲಿನ ಬೂದಿಯ ಮೇಲೆ, ಹತ್ತು ವರ್ಷಗಳ ಒಳಗೆ. ಅಂಥ ಕಂಪ್ಲಿ ಇಂದು ಸುದ್ದಿಯಾಗುವುದು ಡ್ಯಾಮಿನಿಂದ ನೀರು ಬಿಟ್ಟಾಗ ಗಂಗಾವತಿ ಕಡೆಯ ಸೇತುವೆ ಮುಳುಗಿತೆಂದು. ಕೋಟೆ, ನದಿ, ಭತ್ತದ ಗದ್ದೆ, ಹಳೆಯ ಕಾಲುವೆ ಎಲ್ಲವೂ ಅಲ್ಲಿದ್ದರೂ ಹಂಪಿಗೆ ಬಂದವರು ಅತ್ತ ಮುಖ ಮಾಡುವುದಿಲ್ಲ.

ಮುಮ್ಮಡಿ ಸಿಂಗೆಯನಾಯಕನ ಹೊಸಮಲೆದುರ್ಗ ಸಂಡೂರಿನ ಬೆಟ್ಟಸಾಲಿನಲ್ಲಿತ್ತೆಂದು ವಿದ್ವಾಂಸರು ಗುರುತಿಸಿದ್ದಾರೆ. ಹೀಗೆ ಸಂಡೂರಿನ ಬೆಟ್ಟದಿಂದ ಕಂಪ್ಲಿಯ ನದಿದಡಕ್ಕೆ, ಅಲ್ಲಿಂದ ಹೇಮಕೂಟದ ಬಂಡೆಗೆ ಒಂದೇ ಮನೆತನದ ಹೆಜ್ಜೆಗಳಿವೆ. ಸಂಡೂರಿನ ಕಾಡಿನೊಳಗೆ ಕುಮಾರಸ್ವಾಮಿ ಬೆಟ್ಟದ ಪಾರ್ವತಿ ದೇವಾಲಯ ಬಾದಾಮಿ ಚಾಲುಕ್ಯರ ಕಾಲದ್ದು, ಹಂಪಿಯ ಬಹುತೇಕ ಗುಡಿಗಳಿಗಿಂತ ಆರೇಳು ಶತಮಾನ ಹಳೆಯದು. ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನ 1932ರಲ್ಲೇ ಗುಡಿಗಳ ಬಾಗಿಲನ್ನು ದಲಿತರಿಗೆ ತೆರೆದಿತ್ತು. ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆ ಬಂದದ್ದು ಅದಾಗಿ ನಾಲ್ಕು ವರ್ಷಕ್ಕೆ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು.

ಕಣ್ಣಿಗೆ ಬೀಳದ ಸ್ಮಾರಕಕ್ಕೆ ಏನಾಗುತ್ತದೆಂದು ಕಲಿಸಿದ್ದೂ ಇದೇ ಬೆಟ್ಟಗಳು. ಈ ಶತಮಾನದ ಮೊದಲ ದಶಕದಲ್ಲಿ ಕಬ್ಬಿಣದ ಅದಿರಿನ ಹುಚ್ಚು ಹೊತ್ತಿದಾಗ ಬೆಟ್ಟದ ನೆತ್ತಿಗಳೇ ಕರಗಿದವು. 2006ರಲ್ಲಿ ಬಳ್ಳಾರಿಯ ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಗುಡಿಯನ್ನು ಸಿಡಿಸಿ ನೆಲಸಮ ಮಾಡಲಾಯಿತು. ಅದು ಎರಡು ರಾಜ್ಯಗಳ ಎಲ್ಲೆಯ ಗುರುತೂ ಆಗಿತ್ತು. ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ವರದಿಗಳು ಬಂದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಳಿಗೆ ತಡೆ ಬಿತ್ತು. ಆ ವರ್ಷಗಳಲ್ಲಿ ಹಂಪಿಗೆ ಪ್ರವಾಸಿಗರು ಬರುತ್ತಲೇ ಇದ್ದರು, ಅದಿರಿನ ಲಾರಿಗಳ ಸಾಲು ದಾಟಿಕೊಂಡೇ ಬರುತ್ತಿದ್ದರು. ಬೆಟ್ಟವೂ ಹಂಪಿಯ ಭಾಗವೆಂಬ ತಿಳಿವಳಿಕೆ ಬೇರೂರಿದ್ದರೆ ಕೂಗು ಇನ್ನಷ್ಟು ಬೇಗ, ಇನ್ನಷ್ಟು ದೂರದಿಂದ ಎದ್ದಿರುತ್ತಿತ್ತು.

ಹಂಪಿಯನ್ನು ಬಿಡಿ ಕಲ್ಲುಗಳಾಗಿ ನೋಡುವ ಅಭ್ಯಾಸ ಪ್ರವಾಸಿಗರದಷ್ಟೇ ಅಲ್ಲ, ಆಡಳಿತದ್ದೂ ಹೌದು. ತಳವಾರಘಟ್ಟದಿಂದ ನದಿಯಾಚೆಯ ಆನೆಗೊಂದಿಗೆ ಸೇತುವೆ ಕಟ್ಟತೊಡಗಿದಾಗ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು. 2006ರಲ್ಲಿ ಅಲ್ಲಿಂದ ತೆಗೆಯಿತು. ಆ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕೂಲಿಯವರ ಜೀವ ತೆಗೆಯಿತು. ಪರಂಪರೆ ಬೇಕೋ ಸೇತುವೆ ಬೇಕೋ ಎಂಬ ವಾದದಲ್ಲಿ ತೆಪ್ಪವನ್ನೇ ನೆಚ್ಚಿಕೊಂಡಿದ್ದ ದಡದ ಹಳ್ಳಿಗಳ ಅಳಲು ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. 2011ರ ಜುಲೈನಲ್ಲಿ ವಿರೂಪಾಕ್ಷನ ರಥಬೀದಿಯ ಸಾಲುಮಂಟಪಗಳಿಂದ ಮುನ್ನೂರರಷ್ಟು ಕುಟುಂಬಗಳನ್ನು ಎಬ್ಬಿಸಿ ಬುಲ್ಡೋಜರ್ ಹರಿಸಿದಾಗಲೂ ಹಾಗೆಯೇ ಆಯಿತು.

ಅಧಿಕಾರಿಗಳ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಮಂಟಪಗಳಿಗೆ ಇಟ್ಟಿಗೆ ಗೋಡೆ ಎದ್ದಿತ್ತು, ಸಿಮೆಂಟು ಮೆತ್ತಿತ್ತು, ಹೋಟೆಲು ಅಂಗಡಿಗಳು ಬೆಳೆದಿದ್ದವು; ಕಂಬಗಳಿಗೆ ಹಾನಿಯಾಗುತ್ತಿತ್ತು. ಅದನ್ನು ನಿಲ್ಲಿಸುವುದು ಕಾನೂನಿನ ಕೆಲಸ. ಆದರೆ ಆ ಬೀದಿ ಹುಟ್ಟಿದ್ದೇ ಬಜಾರಾಗಿ. ವಿಜಯನಗರದ ಕಾಲದಲ್ಲೂ ಅಲ್ಲಿ ಮಾರುವವರು, ಕೊಳ್ಳುವವರು, ಹೊತ್ತು ತರುವವರು ಇದ್ದರು. 1565ರಲ್ಲಿ ರಕ್ಕಸಗಿ ತಂಗಡಗಿಯ ಯುದ್ಧವಾಗಿ ನಗರ ಹಾಳಾದ ಮೇಲೂ ವಿರೂಪಾಕ್ಷನಿಗೆ ದೀಪ ಹಚ್ಚುತ್ತ, ಚೈತ್ರದಲ್ಲಿ ತೇರೆಳೆಯುತ್ತ ಬಂದವರು ಊರಿನವರು. ಒತ್ತುವರಿ ತೆಗೆಯುವುದಕ್ಕೂ ಊರನ್ನೇ ತೆಗೆಯುವುದಕ್ಕೂ ಇರುವ ಅಂತರವನ್ನು ಅಂದು ಯಾರೂ ಕಾಯಲಿಲ್ಲ. ಮನೆ ಕಳೆದುಕೊಂಡವರಿಗೆ ನಿವೇಶನ ತೋರಿಸಿದ ಕಡ್ಡಿರಾಂಪುರದಲ್ಲಿ ಬಹಮನಿ ಶೈಲಿಯ ಎರಡು ಹಳೆಯ ಮುಸ್ಲಿಂ ಗೋರಿಗಳಿವೆ. ಅವೂ ವಿಜಯನಗರದ ಸ್ಮಾರಕಗಳೇ. ತಳವಾರಘಟ್ಟದ ಹೆಬ್ಬಾಗಿಲ ಕಡೆ 1439ರಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ ಕಟ್ಟಿಸಿದ ಮಸೀದಿಯಿದೆ; ಅಂದಿನ ಅರಸ ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಧರ್ಮಸಾಲೆಯೆಂದು ಅದರ ಶಾಸನ ಕನ್ನಡದಲ್ಲಿ ಹೇಳುತ್ತದೆ. ವಿಜಯನಗರದ ಬಗ್ಗೆ ವೇದಿಕೆಗಳ ಮೇಲೆ ಎದೆತಟ್ಟಿ ಮಾತಾಡುವವರು ಒಮ್ಮೆ ಆ ಸಾಲು ಓದಿ ಬರಬೇಕು. ಆ ನಗರ ಎಂಥವರದ್ದಾಗಿತ್ತೆಂದು ಅಲ್ಲಿ ಗೊತ್ತಾಗುತ್ತದೆ.

ಪ್ರವಾಸಿಗರನ್ನು ಈ ಪಾಯಿಂಟುಗಳಾಚೆಗೂ ಕರೆದೊಯ್ಯಬೇಕೆಂಬುದಕ್ಕೆ ಎದುರುವಾದವೊಂದಿದೆ, ಗಟ್ಟಿಯಾದ ವಾದವೇ. ಇರುವ ಹತ್ತು ಹದಿನೈದು ಕಡೆಗಳಲ್ಲೇ ಜನರನ್ನು ಸಂಭಾಳಿಸಲಾಗುತ್ತಿಲ್ಲ; ವಿಠ್ಠಲ ಗುಡಿಯ ಸಂಗೀತದ ಕಂಬಗಳನ್ನು ಬಡಿಯಬೇಡಿ ಎಂದರೂ ಬಡಿದರು, ಕೊನೆಗೆ ಅವುಗಳ ಬಳಿ ಸುಳಿಯದಂತೆ ತಡೆಯಬೇಕಾಯಿತು. ಮೂಲೆಮೂಲೆಗೂ ಜನರನ್ನು ಕಳಿಸಿದರೆ ಉಳಿದವೂ ಹಾಳಾಗುವುದಿಲ್ಲವೇ? 2019ರ ಎರಡು ಘಟನೆಗಳನ್ನು ಇದರ ಜೊತೆ ಇಟ್ಟು ನೋಡಬೇಕು. ಆ ಫೆಬ್ರವರಿಯಲ್ಲಿ ಹುಡುಗರು ಕಂಬ ತಳ್ಳಿ ಬೀಳಿಸುವ ವಿಡಿಯೊ ಊರೂರು ಸುತ್ತಿತು. ಹೊಸಪೇಟೆಯ ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿತು, ಬಿದ್ದ ಕಂಬವನ್ನು ಅವರೇ ಎತ್ತಿ ನಿಲ್ಲಿಸುವಂತೆ ಮಾಡಿತು. ಆ ಜಾಗ ಗಜಶಾಲೆಯ ಹಿಂದಿನ ವಿಷ್ಣು ಗುಡಿ. ನೂರಾರು ಜನ ಓಡಾಡುವ ಆವರಣದಿಂದ ಕೂಗಳತೆಯಲ್ಲಿದ್ದರೂ ಯಾರೂ ಹೋಗದ ಕಡೆ. ಅದೇ ಜುಲೈನಲ್ಲಿ ಆನೆಗೊಂದಿಯ ನಡುಗಡ್ಡೆಯಲ್ಲಿ ನಿಧಿಗಳ್ಳರು ರಾತ್ರಿ ವ್ಯಾಸರಾಜರ ವೃಂದಾವನವನ್ನು ಒಡೆದರು; ಭಕ್ತರು ಸೇರಿ ಕೂಡಲೇ ಮತ್ತೆ ಕಟ್ಟಿದರು. ಎರಡು ಕಡೆಯೂ ಕೇಡು ನಡೆದದ್ದು ಕಣ್ಣಿಲ್ಲದ ಹೊತ್ತಿನಲ್ಲಿ, ಕಣ್ಣಿಲ್ಲದ ಜಾಗದಲ್ಲಿ. ಒಂದೆಡೆ ಸರಿಪಡಿಸಿದ್ದು ಕಾನೂನು, ಇನ್ನೊಂದೆಡೆ ಇದು ನಮ್ಮದು ಎಂದುಕೊಂಡ ಜನ. ದಟ್ಟಣೆ ಕಲ್ಲನ್ನು ಸವೆಸುತ್ತದೆ, ನಿಜ. ಅದಕ್ಕೇ ದಟ್ಟಣೆಯನ್ನು ಹರಡಬೇಕು. ವಿಠ್ಠಲ ಗುಡಿಗೆ ಮೋಟಾರು ವಾಹನ ನಿಲ್ಲಿಸಿ ಬ್ಯಾಟರಿ ಗಾಡಿ ಬಿಟ್ಟದ್ದು ಒಳ್ಳೆಯ ಕೆಲಸವೇ. ಅದೇ ಜಾಣ್ಮೆ ನೂರು ಜನ ಒಂದೇ ರಥದ ಮುಂದೆ ಮುತ್ತದಂತೆ ನೋಡಿಕೊಳ್ಳುವಲ್ಲೂ ಬೇಕು. ಕಾಯುವ ಕೆಲಸವನ್ನು ಆಯಾ ಹಳ್ಳಿಯವರಿಗೇ ಸಂಬಳ ಕೊಟ್ಟು ವಹಿಸಿದರೆ ಕಲ್ಲಿಗೂ ಕಾವಲು, ಊರಿಗೂ ಅನ್ನ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷನ ಗುಡಿಯೆದುರಿನ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು. ಎಲ್ಲರೂ ಓಡಾಡುವ ಬೀದಿಯ ಗತಿಯೇ ಹೀಗಾದರೆ, ಯಾರೂ ಓಡಾಡದ ಕಡೆ ಕುಸಿದದ್ದು ವರ್ಷಗಟ್ಟಲೆ ಸುದ್ದಿಯೇ ಆಗದು.

ಇನ್ನೊಂದು ತೊಡಕು ನಕ್ಷೆಯದು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆ ಮತ್ತು ಹಂಪಿ ಅದರಲ್ಲಿವೆ. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಆನೆಗೊಂದಿ ಕೊಪ್ಪಳದ್ದು. ಒಂದು ನಗರದ ಕತೆ ಮೂರು ಜಿಲ್ಲಾಧಿಕಾರಿಗಳ ಕಡತಗಳಲ್ಲಿ ಹಂಚಿಹೋಗಿದೆ. ಜಿಲ್ಲೆ ಮಾಡುವಾಗ ನೋಡಬೇಕಾದ ಲೆಕ್ಕಗಳೇ ಬೇರೆ, ಅದರಲ್ಲಿ ತಪ್ಪು ಹುಡುಕಬೇಕಿಲ್ಲ. ಪ್ರವಾಸೋದ್ಯಮದ ಯೋಜನೆಗಳೂ ಅದೇ ಗೆರೆಗಳಲ್ಲಿ ನಿಂತುಬಿಟ್ಟರೆ ಮಾತ್ರ ನಷ್ಟ.

ಮಾಡಬೇಕಾದವು ದುಬಾರಿಯವಲ್ಲ. ವಿಠ್ಠಲ ಗುಡಿಯಲ್ಲಿ ಕೊಂಡ ಟಿಕೆಟ್ಟು ಕಮಲ ಮಹಲಿಗೂ ಕಮಲಾಪುರದ ಮ್ಯೂಸಿಯಮ್ಮಿಗೂ ನಡೆಯುತ್ತದೆ, ಆದರೆ ಅದೇ ದಿನಕ್ಕೆ ಮಾತ್ರ. ಅದನ್ನು ಮೂರು ದಿನಕ್ಕೆ ಹಿಗ್ಗಿಸಿದರೆ ಸಂಜೆಯೊಳಗೆ ಎಲ್ಲ ಮುಗಿಸಬೇಕೆಂಬ ಓಟ ತಾನಾಗಿ ನಿಲ್ಲುತ್ತದೆ. ಹೊಸಪೇಟೆ, ಕಮಲಾಪುರದ ಖಾನಾವಳಿಗಳಿಗೂ ಎರಡು ಊಟ ಹೆಚ್ಚು ಮಾರಾಟವಾಗುತ್ತದೆ. ತುರುತ್ತು ಕಾಲುವೆಯ ದಂಡೆಯ ಮೇಲೆ ರೈತರ ಒಪ್ಪಿಗೆ ಪಡೆದು ನಡೆದಾಡುವ ದಾರಿ ಗುರುತಿಸಬಹುದು, ನೀರು ಬಿಡುವ ಸೌಡಿಯೊಬ್ಬ ಅಲ್ಲಿ ಯಾವ ಗೈಡಿಗೂ ಕಡಿಮೆಯಲ್ಲದ ಪಾಠ ಹೇಳಬಲ್ಲ. ಕೃಷ್ಣ ದೇವಾಲಯದ ಬರಿದಾದ ಗರ್ಭಗುಡಿಯ ಮುಂದೆ, ಕೃಷ್ಣದೇವರಾಯ ಉದಯಗಿರಿಯನ್ನು ಗೆದ್ದು ತಂದು 1515ರಲ್ಲಿ ಪ್ರತಿಷ್ಠಾಪಿಸಿದ ಬಾಲಕೃಷ್ಣ ಇಂದು ಚೆನ್ನೈನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದ್ದಾನೆಂದು ಎಲ್ಲರಿಗೂ ಕಾಣುವಂತೆ ಬರೆದಿಡಬಹುದು. ಡಿಸೆಂಬರಿನಲ್ಲಿ ರಾಜ್ಯದ ಮೂಲೆಮೂಲೆಯಿಂದ ಬರುವ ಶಾಲಾ ಬಸ್ಸುಗಳು ಅನಂತಶಯನಗುಡಿಯಲ್ಲೊಮ್ಮೆ ನಿಲ್ಲಲಿ. ಹೊಸಪೇಟೆ ಬಸ್ ನಿಲ್ದಾಣದಿಂದ ಕಂಪ್ಲಿಗೂ ಸಂಡೂರಿಗೂ ಸಾಮಾನ್ಯ ಬಸ್ಸುಗಳಿವೆ. ಒಂದು ಗಂಟೆಯ ಆಸುಪಾಸಿನ ಪ್ರಯಾಣ, ಹೊಸ ರಸ್ತೆ ಬೇಕಿಲ್ಲ. ಎಲ್ಲಕ್ಕೂ ಮೊದಲು ಹೇಮಕೂಟದಲ್ಲಿ ಕಂಪಿಲದೇವನ ಶಾಸನದ ಸಾಲುಗಳು ಇಂದಿನ ಕನ್ನಡದಲ್ಲಿ, ಕಂಪ್ಲಿಗೆ ಹೋಗುವ ದಾರಿಯ ವಿವರದೊಂದಿಗೆ, ಸೂರ್ಯಾಸ್ತಕ್ಕೆ ಕಾದು ಕೂತವರಿಗೆ ಓದಲು ಸಿಗಬೇಕು. ಅವರಲ್ಲಿ ಹತ್ತಕ್ಕೊಬ್ಬರು ಮರುದಿನ ಬೆಳಿಗ್ಗೆ ಕಂಪ್ಲಿಯ ಬಸ್ಸು ಹತ್ತಿದರೂ ಅಲ್ಲಿನ ಕೋಟೆಯ ಬಗ್ಗೆ ಕೇಳುವವರು ಹುಟ್ಟುತ್ತಾರೆ.